ಬ್ಲ್ಯಾಕ್‌ಕರಂಟ್ ಒಣಗಿತು, ಬೇಲಿಯ ಕವಳಿ ಹಣ್ಣು ಬಿಟ್ಟಿತು

ಇವತ್ತಿನ ಎಪಿಸೋಡ್ ಒಂದು ನಷ್ಟದ ಲೆಕ್ಕದಿಂದ ಶುರು. ನಾಲ್ಕು ವರ್ಷದ ಹಿಂದೆ ನಾನು ಆನ್‌ಲೈನ್‌ನಲ್ಲಿ ಎರಡು ಬ್ಲ್ಯಾಕ್‌ಕರಂಟ್ ಸಸಿ ತರಿಸಿದೆ. ಕೊರಿಯರ್ ಸೇರಿ 900 ರೂಪಾಯಿ. ಐಸ್‌ಕ್ರೀಂನಲ್ಲಿ ತಿಂದ ಹಣ್ಣು ನಮ್ಮ ಸುರಪುರದ ಹಿತ್ತಲಲ್ಲಿ ಬೆಳೀಬೇಕು ಅನ್ನೋ ಆಸೆ. ಜನವರಿಯಲ್ಲಿ ನೆಟ್ಟೆ, ಏಪ್ರಿಲ್‌ನಲ್ಲಿ ಎರಡೂ ಕಡ್ಡಿಯಾದವು. ದಿನಕ್ಕೆ ಎರಡು ಸಲ ನೀರು ಹಾಕಿದ ಅವ್ವ ಅಂದ್ಲು: "ಬಿಕಾಂ ಓದೀದಿ, ಬಿಸಿಲಿನ ಲೆಕ್ಕ ಹಾಕಲಿಲ್ಲಲ್ಲೋ."

ಅವ್ವ ಹೇಳಿದ್ದು ಖರೇ. ಬ್ಲ್ಯಾಕ್‌ಕರಂಟ್ ಯುರೋಪಿನ ಚಳಿ ನಾಡಿನ ಗಿಡ. ಚಳಿಗಾಲದಲ್ಲಿ ವಾರಗಟ್ಟಲೆ ಕೊರೆಯುವ ಥಂಡಿ ಸಿಕ್ಕರೆ ಮಾತ್ರ ಅದು ಸರಿಯಾಗಿ ಹೂ ಬಿಡುತ್ತದೆ. ಯಾದಗಿರಿ, ಶಹಾಪುರ, ಸುರಪುರದಲ್ಲಿ ಡಿಸೆಂಬರ್ ತಿಂಗಳು ಸ್ವೆಟರ್ ಹಾಕ್ಕೊಳ್ಳೋ ಅಷ್ಟು ತಂಪು, ಮೇ ತಿಂಗಳು 40 ಡಿಗ್ರಿ ದಾಟಿದ ಬಿಸಿಲು. ನಮ್ಮ ಬಿಸಿಲಿಗೂ ಆ ಗಿಡಕ್ಕೂ ಆಗಿಬರೋದಿಲ್ಲ.

ಇನ್ನೊಂದು ಮಾತು. ಡ್ರೈಫ್ರೂಟ್ ಅಂಗಡಿಯಲ್ಲಿ ಬ್ಲ್ಯಾಕ್‌ಕರಂಟ್ ಅಂತ ಮಾರೋದು ಬಹಳ ಸಲ ಕಪ್ಪು ಒಣದ್ರಾಕ್ಷಿನೇ. ಕರಂಟ್ ಅನ್ನೋ ಹೆಸರು ಹುಟ್ಟಿದ್ದೂ ಗ್ರೀಸ್ ದೇಶದ ಕೊರಿಂತ್ ಊರಿನ ಸಣ್ಣ ಒಣದ್ರಾಕ್ಷಿಯಿಂದ.

ಹಾಗಾದ್ರೆ ನಮಗೊಂದು ಕರಂಟ್ ಇಲ್ವಾ? ಐತ್ರಿ. ಇಂಗ್ಲಿಷಿನವರು ಬೆಂಗಾಲ್ ಕರಂಟ್ ಅಂತ ಕರೆದದ್ದು ನಮ್ಮ ಕವಳಿ ಹಣ್ಣನ್ನ. ಕರಾವಳಿಯಲ್ಲಿ ಕರಂಡೆ, ಹಿಂದಿಯಲ್ಲಿ ಕರೌಂದಾ. ಶಾಸ್ತ್ರೀಯ ಹೆಸರು ಕ್ಯಾರಿಸ್ಸಾ ಕರಾಂಡಸ್. ಬ್ಲ್ಯಾಕ್‌ಕರಂಟ್‌ಗೂ ಇದಕ್ಕೂ ಸಂಬಂಧವಿಲ್ಲ. ಕವಳಿ ಕಣಗಿಲದ ಕುಟುಂಬದ್ದು. ಬೇಕರಿ ಕೇಕಿನ ಮೇಲಿರೋ ಕೆಂಪು ಚೆರ್ರಿ ಇದೆಯಲ್ಲ, ಅದೂ ಬಹಳ ಸಲ ಬೀಜ ತೆಗೆದು, ಬಣ್ಣ ಹಾಕಿ, ಸಕ್ಕರೆ ಪಾಕದಲ್ಲಿ ನೆನೆಸಿದ ಕವಳಿಕಾಯಿ. ಅಂದರೆ ನೀವೂ ತಿಂದಿದ್ದೀರಿ, ಹೆಸರು ಗೊತ್ತಿರಲಿಲ್ಲ ಅಷ್ಟೆ.

ನಮ್ಮ ಮುತ್ಯಾನ ಹೊಲದ ಬದುವಿನಲ್ಲಿ ನಾಲ್ಕು ಕವಳಿ ಗಿಡ ಇದ್ದವು. ಕಾರಹುಣ್ಣಿಮೆ ಹೊತ್ತಿಗೆ ಕಪ್ಪಗೆ ಹಣ್ಣಾಗುತ್ತಿದ್ದವು. ಆಯಿ ಸೆರಗಿನಲ್ಲಿ ಕಟ್ಟಿ ತರುತ್ತಿದ್ದಳು. ನಾರಾಯಣಪುರ ಎಡದಂಡೆ ಕಾಲುವೆ ನೀರು ಹೊಲಕ್ಕೆ ಬಂದ ಮೇಲೆ ಭತ್ತ ಹಚ್ಚಲಿಕ್ಕೆ ಬದು ಸಮ ಮಾಡಿಸಿದೆವು. ಜೆಸಿಬಿ ಅರ್ಧ ತಾಸಿನಲ್ಲಿ ನಾಲ್ಕನ್ನೂ ಕಿತ್ತು ಹಾಕಿತು. ಕೀಳಿಸಿದವರು ಬೇರೆ ಯಾರೂ ಅಲ್ಲ, ನಾವೇ. ಜೆಸಿಬಿ ಬಾಡಿಗೆ ಕೊಟ್ಟದ್ದು ನಾನೇ. ಎರಡು ಸಾಲು ಭತ್ತ ಜಾಸ್ತಿ ಬಂತು, ಅದು ಲಾಭದ ಕಾಲಮ್ಮು. ಕವಳಿ ಮಾತ್ರ ಯಾವ ಕಾಲಮ್ಮಿಗೂ ಬರಲಿಲ್ಲ. ಮುಂದಿನ ವರ್ಷ ಆಯಿ "ಕವಳಿ ಹಣ್ಣಾಗಿರಬೇಕಲ್ಲ?" ಅಂದಾಗ ನನ್ನ ಹತ್ರ ಉತ್ತರ ಇರಲಿಲ್ಲ.

ಅದಕ್ಕೇ ಬ್ಲ್ಯಾಕ್‌ಕರಂಟ್ ಸತ್ತ ವರ್ಷವೇ ಕವಳಿ ಶುರು ಮಾಡಿದೆ. ಹೇಗೆ ಅಂತ ಕೇಳ್ರಿ.

ಬೀಜ: ಸಂಬಂಧಿಕರ ಹೊಲದಿಂದ ಪೂರಾ ಹಣ್ಣಾದ ಕವಳಿ ತಂದು, ಬೀಜ ತೊಳೆದು, ತಡಮಾಡದೆ ಹಾಲಿನ ಪ್ಯಾಕೆಟ್‌ನಲ್ಲಿ ಹಾಕಿದೆ. ಈ ಬೀಜ ಒಣಗಿಸಿ ಇಟ್ಟರೆ ಹುಟ್ಟೋ ಶಕ್ತಿ ಬೇಗ ಕಳ್ಕೊಳ್ಳುತ್ತೆ. ಸಸಿ ಬೆಳೆಯೋದು ಬಹಳ ನಿಧಾನ, ಹಾಗಾಗಿ ನೆಡೋದು ಮುಂದಿನ ಮಳೆಗಾಲಕ್ಕೆ. ಬೇಗ ಹಣ್ಣು ಬೇಕು ಅಂದ್ರೆ ಮಳೆಗಾಲದಲ್ಲಿ ಗೂಟಿ ಕಟ್ಟಿದ ಸಸಿ ನೆಡಬಹುದು. ಪಂತನಗರದ ಪಂತ್ ಮನೋಹರ್, ಪಂತ್ ಸುದರ್ಶನ್, ಪಂತ್ ಸುವರ್ಣ, ದಾಪೋಲಿಯ ಕೊಂಕಣ ಬೋಲ್ಡ್ ಅನ್ನೋ ತಳಿಗಳೂ ಇವೆ. ಸಂಶಯ ಬಂದ್ರೆ ಭೀಮರಾಯನಗುಡಿ ಕೃಷಿ ಕಾಲೇಜಿನಲ್ಲೋ ಕವಡಿಮಟ್ಟಿ ಕೃಷಿ ವಿಜ್ಞಾನ ಕೇಂದ್ರದಲ್ಲೋ ಕೇಳ್ರಿ.

ಜಾಗ: ಮಸಾರಿ ಮಣ್ಣಾದರೆ ಚಿಂತಿಲ್ಲ. ಎರಿ ಮಣ್ಣಾದರೆ ಗರಸು ಮತ್ತು ತಿಪ್ಪಿಗೊಬ್ಬರ ಸೇರಿಸಿ, ಸ್ವಲ್ಪ ಎತ್ತರ ಮಾಡಿ ನೆಡಬೇಕು. ಈ ಗಿಡ ಬಿಸಿಲು ತಾಳುತ್ತೆ, ಬುಡದಲ್ಲಿ ನಿಂತ ನೀರು ತಾಳೋದಿಲ್ಲ. ದಿನಾ ನೀರು ಬೇಡ. ಮೊದಲ ಎರಡು ಬೇಸಿಗೆ ನಾನು ಗಿಡಕ್ಕೆ ವಾರಕ್ಕೊಂದು ಕೊಡ ಹಾಕಿದೆ, ಅಷ್ಟೇ.

ಬೇಲಿ: ನಮ್ಮ ಹಿತ್ತಲ ಒಂದು ಬದಿ 30 ಅಡಿ. ಮೂರಡಿಗೊಂದರಂತೆ 11 ಸಸಿ ಹಿಡಿದವು. ಎರಡು ಸತ್ತವು, ಒಂಬತ್ತು ಬದುಕಿವೆ. ಮುಳ್ಳು ಗಟ್ಟಿ, ಆಡು ಒಳಗೆ ನುಗ್ಗೋದಿಲ್ಲ. ಆದರೆ ಮಕ್ಕಳು ಓಡಾಡೋ ದಾರಿ ಪಕ್ಕ ನೆಡಬ್ಯಾಡ್ರಿ, ಮುಳ್ಳು ಕಣ್ಣಿಗೆ ತಾಗಬಹುದು. ಹಣ್ಣು ಮುಗಿದ ಮೇಲೆ ಟೊಂಗೆ ಸವರಿದರೆ ಗಿಡ ಹದವಾಗಿರುತ್ತೆ.

ಎಚ್ಚರಿಕೆ: ಕವಳಿ ಕಿತ್ತರೆ ಬಿಳಿ ಹಾಲು ಬರುತ್ತೆ. ಹಾಲು ಬರೋ ಗಿಡಗಳಲ್ಲಿ ವಿಷದವೂ ಇವೆ. ಕಣಗಿಲ ವಿಷ ಅನ್ನೋದು ನಿಮಗೇ ಗೊತ್ತು. ಗುರುತು ಬಲ್ಲ ಹಿರಿಯರು ತೋರಿಸಿದ ಗಿಡದ್ದೇ ತಿನ್ನಿ, ಫೋನಿನ ಫೋಟೋ ನಂಬಿ ತಿನ್ನಬ್ಯಾಡ್ರಿ.

ಇನ್ನು ತಿನ್ನೋ ವಿಷಯ. ಕಾಯಿ ಸೀಳಿ, ಬೀಜ ತೆಗೆದು, ಉಪ್ಪು ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಹಾಲಿನ ಅಂಟು ಕಡಿಮೆಯಾಗುತ್ತೆ. ಆಮೇಲೆ ಹಸಿಮೆಣಸಿನಕಾಯಿ, ಬಳ್ಳೊಳ್ಳಿ, ಹುರಿದ ಶೇಂಗಾ, ಚೂರು ಬೆಲ್ಲ ಹಾಕಿ ಕುಟ್ಟಿದರೆ ಬಿಸಿ ಜೋಳದ ರೊಟ್ಟಿಗೆ ಬೇರೆ ಏನೂ ಬೇಡ. ಉಪ್ಪಿನಕಾಯಿಯೂ ಆಗುತ್ತೆ. ಕಾಯಿಯಲ್ಲಿ ಪೆಕ್ಟಿನ್ ಜಾಸ್ತಿ, ಹಾಗಾಗಿ ರಸಕ್ಕೆ ಸಕ್ಕರೆ ಹಾಕಿ ಕುದಿಸಿದರೆ ಜೆಲ್ಲಿ ತಾನೇ ಗಟ್ಟಿಯಾಗುತ್ತೆ. ಪೂರಾ ಕಪ್ಪಾದ ಹಣ್ಣು ಹಾಗೇ ಬಾಯಿಗೆ.

ಈ ವರ್ಷ ಫೆಬ್ರವರಿಯಲ್ಲಿ ಮೊದಲ ಸಲ ಮಲ್ಲಿಗೆ ವಾಸನೆಯ ಬಿಳಿ ಹೂ ಬಿಟ್ಟವು. ಸಿಕ್ಕ ಹಣ್ಣು ಎರಡು ಬೊಗಸೆ. ಮಾರುಕಟ್ಟೆಯ ಲೆಕ್ಕದಲ್ಲಿ ಅದು ಏನೂ ಅಲ್ಲ. ಆಯಿಗೆ ಈಗ ಹಲ್ಲಿಲ್ಲ. ಒಂದು ಹಣ್ಣು ಬಾಯಲ್ಲಿ ಇಟ್ಕೊಂಡು ಬಹಳ ಹೊತ್ತು ಚೀಪಿದಳು. ಬೀಜ ಉಗುಳಿ ನನ್ನ ಅಂಗೈಗೆ ಹಾಕಿ ಅಂದಳು: "ಒಗೀಬ್ಯಾಡ, ಬದುವಿಗೆ ಹಾಕು."

ನಾಲ್ಕು ಕಿತ್ತಿದ್ದೆ, ಒಂಬತ್ತು ಬೆಳೆಸಿದೀನಿ. ಆದರೆ ಬದು ಇನ್ನೂ ಖಾಲಿ ಐತಿ. ಆ ಬೀಜ ಈಗ ಪ್ಯಾಕೆಟ್‌ನಲ್ಲಿವೆ, ಮುಂದಿನ ಮಳೆಗೆ ಹೊಲಕ್ಕೆ ಹೋಗ್ತಾವ. ನಿಮ್ಮೂರಿನ ಗುಡ್ಡದಲ್ಲಿ, ಬದುವಿನಲ್ಲಿ ಕವಳಿ ಉಳಿದಿದ್ರೆ ಹಣ್ಣು ತಿಂದು ಬೀಜ ಊರಿ ಬರ್ರಿ. ಮುಂದಿನ ವಾರ ಸಿಗೋಣ.