ಹಡಗಿಗೆ ಮುನ್ನ ವಡೋದರಾದಲ್ಲಿ ಒಂದು ದಿನ

ಅಹಮದಾಬಾದಿನಲ್ಲಿ ನೆಲೆಸಿರುವ ನಮ್ಮಂಥ ಸಂಬಳದಾರರಿಗೆ ಪ್ರವಾಸವೆಂದರೆ ಊರಿಗೆ ಹೋಗುವುದು, ಊರಿನಿಂದ ಬರುವುದು, ಇಷ್ಟೇ. ನಡುವೆ ಸಿಗುವ ವಡೋದರಾ, ಸೂರತ್ತುಗಳು ರೈಲಿನ ಕಿಟಕಿಯಿಂದ ಚಹ ಕೊಳ್ಳುವ ನಿಲ್ದಾಣಗಳೇ ಹೊರತು ಇಳಿದು ನೋಡುವ ಊರುಗಳಲ್ಲ. ಆದರೆ 2020ರ ನವೆಂಬರಿನಲ್ಲಿ ಸೂರತ್ತಿನ ಬಳಿಯ ಹಜೀರಾದಿಂದ ಭಾವನಗರದ ಬಳಿಯ ಘೋಘಾಕ್ಕೆ ಜನರನ್ನೂ ವಾಹನಗಳನ್ನೂ ಒಯ್ಯುವ ಹಡಗು ಆರಂಭವಾಯಿತು. ರಸ್ತೆಯಲ್ಲಿ ಸುಮಾರು 370 ಕಿಲೋಮೀಟರು ಸುತ್ತಬೇಕಾದ ದಾರಿ ನೀರಿನ ಮೇಲೆ ಸುಮಾರು 90 ಕಿಲೋಮೀಟರಿಗೆ ಇಳಿಯಿತು. ಇದನ್ನು ಕೇಳಿದಂದಿನಿಂದ ನಮ್ಮ ಮನೆಯಲ್ಲಿ ಹಡಗಿನ ಮಾತೇ ಮಾತು.

ಎಲ್ಲರಿಗಿಂತ ಹೆಚ್ಚು ಆಸೆಪಟ್ಟವರು ನಮ್ಮ ಅಪ್ಪ. ಎಪ್ಪತ್ತು ದಾಟಿದ ಅವರು ಧಾರವಾಡದ ಕಡೆಯವರು. ಕೆರೆಯ ತೆಪ್ಪವನ್ನು ಬಿಟ್ಟರೆ ನೀರಿನ ಮೇಲೆ ತೇಲಿದವರಲ್ಲ. 2022ರ ಚಳಿಗಾಲದಲ್ಲಿ ಅವರು ನಮ್ಮಲ್ಲಿಗೆ ಬಂದಾಗ, ಇದೇ ಸಮಯವೆಂದು ಕಚೇರಿಯಲ್ಲಿ ಒಂದು ದಿನದ ರಜೆ ಬರೆದುಕೊಟ್ಟು, ಟಿಕೆಟು ತೆಗೆಸಿ, ಒಂದು ದೊಡ್ಡ ಯೋಜನೆಯನ್ನೇ ಹಾಕಿದೆವು. ಬೆಳಗಿನ ರೈಲಿಗೆ ವಡೋದರಾ, ಅಲ್ಲಿ ಅರಮನೆ, ವಸ್ತುಸಂಗ್ರಹಾಲಯ, ಪೇಟೆ, ಮಧ್ಯಾಹ್ನ ಸೂರತ್ತು, ಸಂಜೆ ಹಡಗು. ಕಾಗದದ ಮೇಲೆ ಎಲ್ಲವೂ ಗಡಿಯಾರದಂತೆ ಕೂಡಿಬಂದಿತ್ತು.

ಆದದ್ದೇ ಬೇರೆ. ಅರಮನೆಯ ಮೆಟ್ಟಿಲುಗಳಲ್ಲಿ ಅಪ್ಪನ ಮೊಣಕಾಲು ಹಿಡಿಯಿತು. ಮಕ್ಕಳನ್ನು ಒಂದು ಕಡೆಯಿಂದ ಎಳೆದು ಇನ್ನೊಂದು ಕಡೆಗೆ ಓಡಿಸುತ್ತಿದ್ದ ನಮ್ಮನ್ನು ನೋಡಿ ಅಪ್ಪ, “ತಮ್ಮಾ, ಊರು ನೋಡ್ಲಿಕ್ಕೆ ಬಂದೀವೋ, ಹಾಜರಿ ಹಾಕ್ಲಿಕ್ಕೆ ಬಂದೀವೋ?” ಎಂದರು. ರೈಲು ತಡವಾಯಿತು. ಸೂರತ್ತು ಮುಟ್ಟಿದೊಡನೆ ಹಡಗು ಸಿಕ್ಕಿದಂತೆಯೇ ಎಂದುಕೊಂಡಿದ್ದೆವು. ಆದರೆ ಹಜೀರಾ ಊರಿನ ಹೊರಗೆ, ಕಾರ್ಖಾನೆಗಳ ಸಾಲಿನಾಚೆ ಇದೆ. ಲಾರಿಗಳ ನಡುವೆ ತೆವಳುತ್ತ ಬಂದರನ್ನು ಸೇರಿದಾಗ ಬಾಗಿಲು ಮುಚ್ಚಿತ್ತು. ಮಕ್ಕಳು ಅತ್ತರು. ಹಣ ಹೋಯಿತು. ಅಪ್ಪ ಮಾತ್ರ ಏನೂ ಅನ್ನಲಿಲ್ಲ. ಮರುವಾರ ಊರಿಗೆ ಹೊರಡುವಾಗ, “ಮುಂದಿನ ಸಲ ಬರ್ತೀನೋ ಇಲ್ಲೋ, ಕಾಲು ಹೇಳಬೇಕು” ಎಂದಷ್ಟೇ ಹೇಳಿದರು. ಆ ಮಾತು ವರ್ಷವಿಡೀ ನಮ್ಮನ್ನು ಚುಚ್ಚುತ್ತಿತ್ತು.

ನಮ್ಮ ಕಥೆಯನ್ನು ಕೇಳಿ ಸಂಘದ ಹಿರಿಯರೊಬ್ಬರು ನಕ್ಕರು. ಅವರು ಮಗನೊಡನೆ ಇಟಲಿಗೆ ಹೋಗಿ ಹಡಗಿನ ಪ್ರವಾಸ ಮಾಡಿ ಬಂದವರು. “ರೋಮಿನ ಹಡಗು ರೋಮಿನಲ್ಲಿ ನಿಲ್ಲುವುದಿಲ್ಲ ಕಣ್ರೀ. ಸುಮಾರು 70 ಕಿಲೋಮೀಟರು ದೂರದ ಚಿವಿತಾವೆಕ್ಕಿಯಾ ಎಂಬ ಬಂದರಿಗೆ ಹೋಗಬೇಕು. ವೆನಿಸ್ಸಿನಲ್ಲೂ 2021ರಿಂದ ದೊಡ್ಡ ಹಡಗುಗಳನ್ನು ಊರ ನಡುವಿನ ಕಾಲುವೆಗೆ ಬಿಡುವುದಿಲ್ಲ. ಊರು ನೋಡುವ ದಿನವೇ ಬೇರೆ, ಹಡಗಿನ ದಿನವೇ ಬೇರೆ. ಹಡಗಿನ ಹಿಂದಿನ ರಾತ್ರಿ ಬಂದರಿನ ಹತ್ತಿರದ ಊರಿನಲ್ಲಿ ಮಲಗಿರಬೇಕು” ಎಂದರು. ಇಟಲಿಯ ಈ ಬುದ್ಧಿ ಸೂರತ್ತಿಗೂ ಸಲ್ಲುತ್ತದೆಂದು ನಮಗೆ ಮನವರಿಕೆಯಾಯಿತು.

2024ರ ಜನವರಿಯಲ್ಲಿ ಅಪ್ಪನ ಕಾಲು ಒಪ್ಪಿತು. ಈ ಸಲ ಶನಿವಾರ ವಡೋದರಾ, ರಾತ್ರಿ ಸೂರತ್ತು, ಭಾನುವಾರ ಹಡಗು ಎಂದು ಗೊತ್ತುಮಾಡಿದೆವು. ಟಿಕೆಟಿನ ವಿಷಯದಲ್ಲೊಂದು ಮಾತು. ಒಂದೇ ಟಿಕೆಟಿನಲ್ಲಿ ನಡುವೆ ಇಳಿದು ಮತ್ತೆ ಹತ್ತುವ ಸೌಲಭ್ಯ ರೈಲ್ವೆಯಲ್ಲಿ ಉಂಟು. ಆದರೆ ಅದು 500 ಕಿಲೋಮೀಟರು ಪ್ರಯಾಣವಾದ ಮೇಲೆ ಮಾತ್ರ. ಅಹಮದಾಬಾದಿನಿಂದ ಸೂರತ್ತಿಗೆ ಇರುವುದೇ ಸುಮಾರು 230. ಆದುದರಿಂದ ವಡೋದರಾಕ್ಕೊಂದು, ಅಲ್ಲಿಂದ ಸೂರತ್ತಿಗೊಂದು, ಹೀಗೆ ಎರಡು ಟಿಕೆಟು ಬೇಕು. ನಿಲ್ದಾಣದ ಸಾಮಾನು ಕೋಣೆಯಲ್ಲಿ ಬೀಗ ಹಾಕಿದ ಪೆಟ್ಟಿಗೆಗಳನ್ನಷ್ಟೇ ತೆಗೆದುಕೊಳ್ಳುತ್ತಾರೆ. ಬುತ್ತಿಯ ಗಂಟು ನಮ್ಮ ಕೈಯಲ್ಲೇ ಉಳಿಯಿತು.

ಇಷ್ಟಾದ ಮೇಲೆ ವಡೋದರಾದಲ್ಲಿ ಏನನ್ನು ನೋಡುವುದು? ಒಂದನ್ನೇ ಆರಿಸಿರೆಂದು ಅಪ್ಪನಿಗೇ ಬಿಟ್ಟೆವು. ಮೂರನೆಯ ಸಯಾಜಿರಾವ್ ಗಾಯಕವಾಡರು ಕಟ್ಟಿಸಿ 1890ರಲ್ಲಿ ಮುಗಿದ ಲಕ್ಷ್ಮೀ ವಿಲಾಸ ಅರಮನೆಯನ್ನು ಅವರು ಕೇಳಲಿಲ್ಲ, ಅದನ್ನು ಕಂಡಾಗಿತ್ತು. “ಸಂಗೀತದ ಸಾಲಿ ತೋರಿಸು” ಎಂದರು.

ಸೂರಸಾಗರ ಕೆರೆಯ ಬದಿಯಲ್ಲಿ ಆ ಕಟ್ಟಡವಿದೆ. ಮೌಲಾಬಕ್ಷರು 1886ರಲ್ಲಿ ಅರಸರ ಆಶ್ರಯದಲ್ಲಿ ತೆರೆದ ಗಾಯನಶಾಲೆ ಬೆಳೆದು ಇಂದು ವಿಶ್ವವಿದ್ಯಾಲಯದ ವಿಭಾಗವಾಗಿದೆ. ಆ ಮೌಲಾಬಕ್ಷರು ಮೈಸೂರಿನ ಆಸ್ಥಾನದಲ್ಲೂ ಮನ್ನಣೆ ಪಡೆದವರು. ಇದೇ ಊರಿನ ದರಬಾರಿನಲ್ಲಿ ಹಾಡುತ್ತಿದ್ದ ಅಬ್ದುಲ್ ಕರೀಂ ಖಾನರು ಮುಂದೆ ಮಿರಜಿಗೆ ಬಂದು ನೆಲೆಸಿದರು. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್ಲರು, ಭೀಮಸೇನ ಜೋಶಿಯವರು. ಗಂಗೂಬಾಯಿಯವರ ಹಾಡನ್ನು ಎದುರಿಗೆ ಕುಳಿತು ಕೇಳಿದ ಅಪ್ಪನಿಗೆ ಇದೆಲ್ಲ ಬಾಯಿಪಾಠ. ಒಳಗಿನಿಂದ ಯಾರೋ ಹುಡುಗಿ ಸ್ವರ ಹಚ್ಚುವುದು ಕೇಳಿಸುತ್ತಿತ್ತು. ಗೇಟಿನ ಹೊರಗೆ ಕಟ್ಟೆಯ ಮೇಲೆ ಅರ್ಧ ಗಂಟೆ ಕುಳಿತ ಅಪ್ಪ, “ಇಲ್ಲಿಂದ ಎದ್ದು ಹೋದ ದನಿ ನೋಡು, ನಮ್ಮೂರಿಗೆ ಬಂದದ್ದು” ಎಂದರು. ಮಕ್ಕಳು ಕೆರೆಯ ದಂಡೆಯಲ್ಲಿ ರೊಟ್ಟಿ, ಶೇಂಗಾ ಹಿಂಡಿ ತಿಂದರು. ಯಾರೂ ಗಡಿಯಾರ ನೋಡಲಿಲ್ಲ.

ಮರುದಿನ ಬಂದರಿಗೆ ಎಲ್ಲರಿಗಿಂತ ಮೊದಲು ಹೋದವರು ನಾವೇ ಇರಬೇಕು. ಹಡಗು ಹೊರಟಿತು. ಲಾರಿಗಳು ಕೆಳಗೆ, ನಾವು ಮೇಲೆ. ಸಮುದ್ರವೇಕೆ ಚಹದ ಬಣ್ಣವಾಗಿದೆಯೆಂದು ಮಗಳು ಕೇಳಿದಳು. ನಮ್ಮ ಸಾಬರಮತಿ, ಸೂರತ್ತಿನ ತಾಪಿ, ಜೊತೆಗೆ ಮಹಿ, ನರ್ಮದೆಯರು ಮಣ್ಣು ಹೊತ್ತು ಈ ಖಂಭಾತಿನ ಕೊಲ್ಲಿಗೇ ಬರುತ್ತಾರೆ. ಇಲ್ಲಿಯ ಭಾರಿ ಉಬ್ಬರವಿಳಿತ ಅದನ್ನು ಕಲಕುತ್ತಲೇ ಇರುತ್ತದೆ. 2017ರಲ್ಲಿ ಮೊದಲು ದಹೇಜಿನಿಂದ ಹೊರಟ ಹಡಗು ನಿಂತುಹೋದದ್ದೂ ಈ ಹೂಳಿನಿಂದಲೇ. ಅಪ್ಪ ಕಟಕಟೆ ಹಿಡಿದು ನಿಂತವರು ಘೋಘಾ ಕಾಣುವವರೆಗೆ ಕೂರಲಿಲ್ಲ. ಮೊಣಕಾಲಿನ ಮಾತನ್ನೂ ಎತ್ತಲಿಲ್ಲ.

ಲಂಕೆಯ ಹೆಣ್ಣು, ಘೋಘಾದ ಗಂಡು ಎಂದು ಗುಜರಾತಿಗಳಲ್ಲೊಂದು ಗಾದೆಯುಂಟು. ಹಿಂದೆ ಅಷ್ಟು ದೂರದ ನಂಟು ಬೆಳೆಸಿದ್ದ ಬಂದರು ಅದು. ಅಲ್ಲಿಂದ ಭಾವನಗರದ ಮೇಲೆ ಅಹಮದಾಬಾದಿಗೆ ಮರಳಿದರೆ, ಹೋದ ದಾರಿಯಲ್ಲೇ ಹಿಂತಿರುಗದೆ ಒಂದು ಸುತ್ತು ಪೂರ್ತಿಯಾಗುತ್ತದೆ.

ಹೋಗಬಯಸುವ ಬಂಧುಗಳು ಹಡಗಿನ ವೇಳೆಯನ್ನು ಹಿಂದಿನ ದಿನವೇ ವಿಚಾರಿಸಿಕೊಳ್ಳಲಿ. ಹವೆ ನೋಡಿ ಅದು ಬದಲಾಗುವುದುಂಟು. ನಡುವಿನ ಊರಿನಲ್ಲಿ ಒಂದನ್ನೇ ನೋಡಲಿ, ಅದನ್ನು ಮನೆಯ ಹಿರಿಯರು ಆರಿಸಲಿ. ಊರಿನಲ್ಲಿ ಗೆಳೆಯರು ಹಡಗಿನ ಸುದ್ದಿ ಕೇಳಿದರೆ ಅಪ್ಪ ಎರಡು ಮಾತಿನಲ್ಲಿ ಮುಗಿಸುತ್ತಾರಂತೆ. ಆ ಕೆರೆಯ ಬದಿಯ ಅರ್ಧ ಗಂಟೆಯ ವಿಷಯ ಮಾತ್ರ ಸಂಜೆಯವರೆಗೂ ನಡೆಯುತ್ತದಂತೆ.