ಉಳಿಯಿಲ್ಲದೆ ಕಡೆದ ಕಂಬಗಳು

ಉಡುಪಿಯ ಬಳಿಯ ಮಲ್ಪೆಯಿಂದ ದೋಣಿಯಲ್ಲಿ ಹೊರಟರೆ ಸ್ವಲ್ಪ ಹೊತ್ತಿನಲ್ಲಿಯೇ ಸೇಂಟ್ ಮೇರಿ ದ್ವೀಪಗಳನ್ನು ಸೇರಬಹುದು. ಅಲ್ಲಿನ ದಡದಲ್ಲಿ ಕಲ್ಲುಕಂಬಗಳು ಒಂದಕ್ಕೊಂದು ಒತ್ತಿಕೊಂಡು ಸಾಲುಸಾಲಾಗಿ ನಿಂತಿವೆ. ಕೆಲವಕ್ಕೆ ಐದು ಮುಖಗಳು, ಕೆಲವಕ್ಕೆ ಆರು, ಮತ್ತೆ ಕೆಲವಕ್ಕೆ ಏಳು. ಯಾವ ಶಿಲ್ಪಿಯ ಉಳಿಯೂ ಇವನ್ನು ಮುಟ್ಟಿಲ್ಲ. ಹಾಗಾದರೆ ಇವನ್ನು ಕಡೆದವರಾರು?

ಈ ಬಗೆಯ ಕಂಬಗಳು ಹದಿನೆಂಟನೆಯ ಶತಮಾನದಲ್ಲಿ ಯೂರೋಪಿನ ವಿದ್ವಾಂಸರ ನಡುವೆ ದೊಡ್ಡ ವಾದವನ್ನೇ ಎಬ್ಬಿಸಿದವು. ಉತ್ತರ ಐರ್ಲೆಂಡಿನ ಕಡಲ ತೀರದಲ್ಲಿರುವ 'ಜೈಂಟ್ಸ್ ಕಾಸ್‌ವೇ' ಎಂಬಲ್ಲಿ ಬಸಾಲ್ಟ್ ಶಿಲೆಯ ಸುಮಾರು ೪೦,೦೦೦ ಕಂಬಗಳಿವೆ. ದೈತ್ಯನೊಬ್ಬನು ಸ್ಕಾಟ್ಲೆಂಡಿಗೆ ಹಾಕಿದ ಹಾದಿಯಿದು ಎಂಬುದು ಅಲ್ಲಿನ ಜನಪದ ಕಥೆ. ಪ್ರಾಚೀನ ಸಾಗರದ ನೀರಿನಿಂದ ಬಸಾಲ್ಟ್ ತಳಕ್ಕಿಳಿದು ಗಟ್ಟಿಯಾಯಿತೆಂದು ಜರ್ಮನಿಯ ವರ್ನರನೂ ಅವನ ಶಿಷ್ಯರೂ ಸಾಧಿಸುತ್ತಿದ್ದರು. ಆದರೆ ಫ್ರಾನ್ಸಿನ ದೆಮಾರೆ ಎಂಬ ವಿದ್ವಾಂಸನು ೧೭೬೩ರಲ್ಲಿ ಓವರ್ನ್ಯ್ ಪ್ರಾಂತದಲ್ಲಿ ಇಂತಹ ಕಂಬಗಳನ್ನು ಕಂಡು, ಅವು ಆರಿಹೋದ ಜ್ವಾಲಾಮುಖಿಯ ಲಾವಾ ಪ್ರವಾಹದ ಭಾಗವೆಂದು ಗುರುತಿಸಿದನು. ನೀರಿನ ಪಕ್ಷ ಸೋತು ಬೆಂಕಿಯ ಪಕ್ಷ ಗೆಲ್ಲಲು ಹಲವು ದಶಕಗಳೇ ಹಿಡಿದವು.

ಬೆಂಕಿಯಿಂದ ಬಂದ ದ್ರವ ಇಷ್ಟು ಅಚ್ಚುಕಟ್ಟಾದ ಕಂಬಗಳಾಗುವುದು ಹೇಗೆ? ಬೇಸಗೆಯಲ್ಲಿ ಬತ್ತಿದ ಕೆರೆಯ ಅಂಗಳವನ್ನು ನಾವೆಲ್ಲರೂ ನೋಡಿದ್ದೇವೆ. ಕೆಸರು ಒಣಗುತ್ತ ಕುಗ್ಗುತ್ತದೆ. ಕುಗ್ಗಲು ಎಡೆಯಿಲ್ಲದೆ ಬಿರಿಯುತ್ತದೆ. ಗಟ್ಟಿಯಾದ ಲಾವಾ ತಣಿಯುವಾಗಲೂ ಹೀಗೆಯೇ ಕುಗ್ಗಿ ಬಿರಿಯುತ್ತದೆ. ಮೇಲ್ಮೈಯಲ್ಲಿ ಬಿರುಕುಗಳು ಮೊದಲು ಅಡ್ಡಾದಿಡ್ಡಿಯಾಗಿರುತ್ತವೆ. ಒಳಭಾಗ ತಣಿದಂತೆಲ್ಲ ಅವು ಹಂತಹಂತವಾಗಿ ಕೆಳಗಿಳಿಯುತ್ತ ಕ್ರಮಕ್ಕೆ ಬರುತ್ತವೆ. ಮೂರು ಬಿರುಕುಗಳು ಕೂಡುವೆಡೆಯಲ್ಲಿ ಕೋನಗಳು ೧೨೦ ಡಿಗ್ರಿಗೆ ಹತ್ತಿರವಾಗುತ್ತವೆ. ಇದರಿಂದ ಏರ್ಪಡುವ ಆಕೃತಿಯೇ ಷಟ್ಕೋನ. ಎಡೆ ಬಿಡದೆ ನೆಲವನ್ನು ತುಂಬಬಲ್ಲ ಸಮಭುಜಾಕೃತಿಗಳು ತ್ರಿಕೋನ, ಚೌಕ, ಷಟ್ಕೋನ ಈ ಮೂರೇ. ಇವುಗಳಲ್ಲಿ ಅತಿ ಕಡಿಮೆ ಉದ್ದದ ಬಿರುಕು ಸಾಕಾಗುವುದು ಷಟ್ಕೋನಕ್ಕೆ.

ಬಿರುಕುಗಳು ತಣಿಯುವ ಮೈಗೆ ಲಂಬವಾಗಿ ಸಾಗುವುದರಿಂದ, ಸಮತಟ್ಟಾಗಿ ಹರಡಿದ ಲಾವಾದಲ್ಲಿ ಕಂಬಗಳು ನೆಟ್ಟಗೆ ನಿಲ್ಲುತ್ತವೆ. ನಿಧಾನವಾಗಿ ತಣಿದರೆ ಕಂಬ ದಪ್ಪ. ಬೇಗ ತಣಿದರೆ ಸಣ್ಣ. ಲಿವರ್‌ಪೂಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಐಸ್‌ಲೆಂಡಿನ ಬಸಾಲ್ಟನ್ನು ಕಾಯಿಸಿ, ಅದರ ಎರಡು ತುದಿಗಳನ್ನೂ ಬಿಗಿಹಿಡಿದು ತಣಿಯಗೊಟ್ಟರು. ೮೪೦ರಿಂದ ೮೯೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಅದು ಬಿರಿಯುವುದನ್ನು ೨೦೧೮ರಲ್ಲಿ ಪ್ರಕಟಿಸಿದರು. ಕಣ್ಣಿಗೆ ಕೆಂಪಗೆ ಕಾಣುವಷ್ಟು ಕಾದಿರುವಾಗಲೇ ಕಂಬಗಳ ರಚನೆ ಆರಂಭವಾಗುತ್ತದೆಂದಾಯಿತು.

ತಣಿಯುವ ಬಗೆ ಬೇರೆಯಾದರೆ ಆಕಾರವೂ ಬೇರೆ. ಹವಾಯಿ ದ್ವೀಪಗಳಲ್ಲಿ ತೆಳುವಾದ ಲಾವಾ ಹರಿಯುವಾಗ ಮೇಲಿನ ಕೆನೆ ಗಟ್ಟಿಯಾಗುತ್ತದೆ. ಒಳಗಿನ ಹರಿವು ಅದನ್ನೆಳೆದು ಹಗ್ಗದ ಸುರುಳಿಗಳಂತೆ ಮಡಿಸುತ್ತದೆ. ನೀರಿನೊಳಗೆ ಉಕ್ಕಿದ ಲಾವಾದ ಹೊರಮೈ ಒಡನೆಯೇ ಹೆಪ್ಪುಗಟ್ಟಿ ದಿಂಬಿನಂತೆ ಉಬ್ಬುತ್ತದೆ. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ಇಂತಹ ದಿಂಬುಗಳಿವೆ. ಅವುಗಳ ವಯಸ್ಸು ಸುಮಾರು ೨೫೦ ಕೋಟಿ ವರ್ಷಗಳು. ಇಂದು ಒಣನೆಲವಾದ ಆ ಬಯಲು ಒಂದು ಕಾಲಕ್ಕೆ ನೀರಿನಡಿಯಲ್ಲಿತ್ತೆಂದು ತಿಳಿಯಲು ಆ ದಿಂಬುಗಳ ಆಕಾರವೇ ಸಾಕು.

ಇನ್ನು ಮಲ್ಪೆಯ ಕಂಬಗಳು. ಇವನ್ನು ಬಸಾಲ್ಟ್ ಎಂದು ಕರೆಯುವ ರೂಢಿಯಿದ್ದರೂ, ನಿಜವಾಗಿ ಇವು ಸಿಲಿಕಾಂಶ ಹೆಚ್ಚಾಗಿರುವ ಡೇಸೈಟ್, ರಯೊಲೈಟ್ ಜಾತಿಯ ಶಿಲೆಗಳು. ಇವುಗಳ ವಯಸ್ಸು ಒಂಬತ್ತು ಕೋಟಿ ವರ್ಷಗಳಿಗೆ ಹತ್ತಿರ. ಭಾರತವೂ ಮಡಗಾಸ್ಕರವೂ ಒಂದನ್ನೊಂದು ಅಗಲಿದ ಕಾಲವದು. ಆಗ ಭೂಮಿಯ ಒಡಲಿನಿಂದ ಉಕ್ಕಿದ ರಸವೇ ಇಲ್ಲಿ ಕಂಬಗಳಾಗಿ ನಿಂತಿದೆ. ಆದುದರಿಂದಲೇ ಈ ತಾಣವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಲಾಗಿದೆ. ಅಲ್ಲಿಗೆ ಹೋದಾಗ ನಾವು ಕಂಬಗಳ ಮುಖಗಳನ್ನು ಎಣಿಸೋಣ, ಕೋನಗಳನ್ನು ಅಳೆಯೋಣ; ಆದರೆ ಒಂದು ಚೂರನ್ನೂ ಒಡೆದು ತರುವುದು ಬೇಡ. ಒಡೆದ ಕಂಬವನ್ನು ಮತ್ತೆ ಕಡೆಯಬಲ್ಲ ಉಳಿ ನಮ್ಮಲ್ಲಿಲ್ಲ.