ಮೋಟಾರು ಕಾರಿನ ಚಕ್ರಗಳು ಓರೆಯಾಗಿರುವುದೇಕೆ?

ಸಮತಟ್ಟಾದ ನೆಲದ ಮೇಲೆ ನಿಂತ ಮೋಟಾರು ಕಾರನ್ನು ಎದುರಿನಿಂದ ನೋಡುವವರಿಗೆ ಅದರ ಮುಂದಿನ ಚಕ್ರಗಳೆರಡೂ ಗೋಡೆಯಂತೆ ನೆಟ್ಟಗೆ ನಿಂತಿರುವಂತೆಯೂ, ರೈಲಿನ ಕಂಬಿಗಳಂತೆ ಒಂದಕ್ಕೊಂದು ಸಮಾಂತರವಾಗಿರುವಂತೆಯೂ ತೋರುತ್ತವೆ. ಆದರೆ ಸೂಕ್ಷ್ಮವಾದ ಉಪಕರಣದಿಂದ ಅಳೆದರೆ ಬಹುಪಾಲು ಕಾರುಗಳಲ್ಲಿ ಅವು ಅಷ್ಟಿಷ್ಟು ಓರೆಯಾಗಿಯೇ ಇರುತ್ತವೆ. ಈ ಓರೆ ಕೆಲಸಗಾರನ ಅಜಾಗರೂಕತೆಯಿಂದ ಬಂದುದಲ್ಲ. ಯಂತ್ರಶಿಲ್ಪಿಗಳು ಲೆಕ್ಕ ಹಾಕಿ, ಬೇಕೆಂದೇ ಇಟ್ಟದ್ದು. ಅದರ ಪ್ರಮಾಣ ಒಂದು ಡಿಗ್ರಿಯ ಹತ್ತನೆಯ ಒಂದೆರಡು ಪಾಲಿನಷ್ಟು ವ್ಯತ್ಯಾಸವಾದರೂ ಟೈರಿನ ಆಯುಸ್ಸು ಕುಗ್ಗಬಹುದು, ಕಾರು ಚಾಲಕನ ಕೈಗೆ ವಿಧೇಯವಾಗಿರುವ ಗುಣವೂ ಕೆಡಬಹುದು. ಗ್ಯಾರೇಜುಗಳ ಮುಂದೆ ‘ವೀಲ್ ಅಲೈನ್‌ಮೆಂಟ್’ ಎಂಬ ಫಲಕವನ್ನು ವಾಚಕರೆಲ್ಲರೂ ನೋಡಿಯೇ ಇರುತ್ತಾರೆ. ಒಳಗೆ ನಡೆಯುವ ಕೆಲಸದ ತಿರುಳು ಕಾಲೇಜಿನ ಮೊದಲ ವರ್ಷದ ಭೌತಶಾಸ್ತ್ರಕ್ಕಿಂತ ಹೆಚ್ಚಿನದೇನೂ ಅಲ್ಲ.

ಶಿವಮೊಗ್ಗೆಯ ರವೀಂದ್ರನಗರದ ಒಂದೇ ಬೀದಿಯಲ್ಲಿ ಒಂದೇ ಬಗೆಯ ಎರಡು ಸಣ್ಣ ಕಾರುಗಳಿವೆಯೆಂದು ಭಾವಿಸೋಣ. ಮೊದಲನೆಯದರ ಒಡೆಯರು ಉದ್ಯೋಗಕ್ಕಾಗಿ ದಿನವೂ ಭದ್ರಾವತಿಗೆ ಹೋಗಿಬರುವವರು. ಆ ದಾರಿ ಸುಮಾರು 20 ಕಿಲೋಮೀಟರು. ಕಡಿದಾದ ಏರಿಳಿತಗಳೂ ಬಿಗಿಯಾದ ತಿರುವುಗಳೂ ಅದರಲ್ಲಿಲ್ಲ. ಎರಡನೆಯದು ಬಾಡಿಗೆ ಕಾರು. ಅದು ತುಂಗೆಯ ಮಗ್ಗುಲಲ್ಲಿ ಗಾಜನೂರು, ಸಕ್ರೆಬೈಲು, ಮಂಡಗದ್ದೆಗಳನ್ನು ಹಾದು ತೀರ್ಥಹಳ್ಳಿಗೆ, ಅಲ್ಲಿಂದ ಆಗುಂಬೆಗೆ, ಮತ್ತೆ ಘಟ್ಟವಿಳಿದು ಸೋಮೇಶ್ವರ, ಹೆಬ್ರಿಗಳ ಮೂಲಕ ಉಡುಪಿಗೆ ಓಡಾಡುತ್ತದೆ. ಆಗುಂಬೆಯ ಘಟ್ಟದಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಜಾಗವದು. ಮೊದಲನೆಯವರಿಗೆ ಟೈರು ಬಹುಕಾಲ ಬಾಳಬೇಕು. ಎರಡನೆಯವನಿಗೆ ಟೈರು ಬಾಳಬೇಕು, ತಿರುವಿನಲ್ಲಿ ನೆಲವನ್ನು ಬಿಗಿಯಾಗಿ ಹಿಡಿಯಲೂ ಬೇಕು. ಬಾಡಿಗೆಯ ಚಾಲಕನಿಗೆ ಒಂದು ಜೊತೆ ಟೈರೆಂದರೆ ಹಲವು ದಿನಗಳ ದುಡಿಮೆ. ಮಳೆಗಾಲದಲ್ಲಿ ಘಟ್ಟದ ಮೇಲೆ ಜಾರಿದರೆ ಹೋಗುವುದು ದುಡ್ಡು ಮಾತ್ರವಲ್ಲ. ಹೀಗಿರಲು ಈ ಎರಡು ಕಾರುಗಳ ಚಕ್ರಗಳನ್ನೂ ಒಂದೇ ರೀತಿಯಲ್ಲಿ ಇಡಬೇಕೆ, ಬೇರೆ ಬೇರೆ ರೀತಿಯಲ್ಲಿ ಇಡಬೇಕೆ?

ಮೂರು ಕೋನಗಳು

ಉತ್ತರಕ್ಕೆ ಮುನ್ನ ಮೂರು ಕೋನಗಳ ಪರಿಚಯವಾಗಬೇಕು.

ಮೊದಲನೆಯದು ‘ಟೋ’. ಕಾರನ್ನು ನೆತ್ತಿಯ ಮೇಲಿನಿಂದ ನೋಡಿದಾಗ, ಎರಡು ಚಕ್ರಗಳ ಮುಂದಿನ ಅಂಚುಗಳು ಹಿಂದಿನ ಅಂಚುಗಳಿಗಿಂತ ಹತ್ತಿರವಾಗಿದ್ದರೆ ಅದು ಟೋ-ಇನ್, ದೂರವಾಗಿದ್ದರೆ ಟೋ-ಔಟ್. ಕಾಲ್ಬೆರಳಿನಿಂದ ಬಂದ ಹೆಸರಿದು. ಪಾದದ ಬೆರಳುಗಳನ್ನು ಒಳಕ್ಕೆ ತಿರುಗಿಸಿ ನಿಂತ ಮನುಷ್ಯನನ್ನು ನೆನೆದರೆ ಮೊದಲನೆಯದರ ಚಿತ್ರ ಮನಸ್ಸಿಗೆ ಬರುತ್ತದೆ.

ಎರಡನೆಯದು ‘ಕ್ಯಾಂಬರ್’. ಕಾರನ್ನು ಎದುರಿನಿಂದ ನೋಡಿದಾಗ ಚಕ್ರದ ತಲೆ ಒಳಕ್ಕೆ ವಾಲಿದ್ದರೆ ಋಣ ಕ್ಯಾಂಬರ್, ಹೊರಕ್ಕೆ ವಾಲಿದ್ದರೆ ಧನ ಕ್ಯಾಂಬರ್.

ಮೂರನೆಯದು ‘ಕ್ಯಾಸ್ಟರ್’. ಇದನ್ನು ಕಾಣಲು ಸೈಕಲ್ಲೊಂದು ಸಾಕು. ಪಕ್ಕದಿಂದ ನೋಡಿದರೆ ಹ್ಯಾಂಡಲಿನ ಕೊಳವೆ ಹಿಂದಕ್ಕೆ ಓರೆಯಾಗಿರುವುದು ಕಾಣುತ್ತದೆ. ಆ ಓರೆಗೆರೆಯನ್ನು ನೆಲದವರೆಗೆ ಎಳೆದರೆ, ಅದು ಚಕ್ರ ನೆಲವನ್ನು ಮುಟ್ಟುವ ಬಿಂದುವಿಗಿಂತ ಮುಂದೆ ಹೋಗಿ ತಾಗುತ್ತದೆ. ಎಂದರೆ ಚಕ್ರವು ತನ್ನ ತಿರುಗಣೆಯ ಅಕ್ಷದ ಹಿಂದೆ ಎಳೆಯಲ್ಪಡುತ್ತಿರುತ್ತದೆ. ಹೀಗೆ ಎಳೆಯಲ್ಪಡುವ ಚಕ್ರ ಹೋಗುವ ದಿಕ್ಕಿಗೆ ತಾನಾಗಿಯೇ ನೇರವಾಗುತ್ತದೆ. ತಿರುವು ಮುಗಿದ ಮೇಲೆ ಕಾರಿನ ಸ್ಟೀರಿಂಗ್ ಚಕ್ರವು ಚಾಲಕನ ಕೈಯಲ್ಲಿ ತಾನೇ ಹಿಂದಿರುಗುವುದಕ್ಕೆ ಮುಖ್ಯ ಕಾರಣಗಳಲ್ಲಿ ಇದೂ ಒಂದು.

ತಿರುವಿನ ಜ್ಯಾಮಿತಿ ಮೋಟಾರಿಗಿಂತಲೂ ಹಳೆಯದು. ತಿರುಗುವಾಗ ಒಳಗಿನ ಚಕ್ರ ಸಣ್ಣ ವೃತ್ತದಲ್ಲಿಯೂ ಹೊರಗಿನದು ದೊಡ್ಡ ವೃತ್ತದಲ್ಲಿಯೂ ಸಾಗಬೇಕಾದುದರಿಂದ ಎರಡೂ ಸಮನಾಗಿ ತಿರುಗಿದರೆ ಒಂದಾದರೂ ನೆಲವನ್ನು ಉಜ್ಜಲೇಬೇಕು. ಒಳಚಕ್ರ ಹೆಚ್ಚು ತಿರುಗುವಂತೆ ಮಾಡುವ ಏರ್ಪಾಡನ್ನು ಮ್ಯೂನಿಕ್ ನಗರದ ಸಾರೋಟು ನಿರ್ಮಾಪಕ ಗಿಯೋರ್ಗ್ ಲಾಂಕೆನ್‌ಸ್ಪೆರ್ಗರ್ ಕಂಡುಹಿಡಿದನು. ಅವನ ಪರವಾಗಿ 1818ರಲ್ಲಿ ಲಂಡನ್ನಿನಲ್ಲಿ ಪೇಟೆಂಟು ಪಡೆದವನು ರುಡಾಲ್ಫ್ ಆಕರ್ಮನ್. ಆ ಏರ್ಪಾಡಿಗೆ ಇಂದಿಗೂ ಆಕರ್ಮನ್ನನ ಹೆಸರೇ ನಿಂತಿದೆ.

ಟೋವಿನ ಲೆಕ್ಕ

ಈಗ ಸವೆತದ ವಿಚಾರಕ್ಕೆ ಬರೋಣ. ಕಾರು ನೇರವಾಗಿ ಹೋಗುತ್ತಿದ್ದು, ಅದರ ಚಕ್ರ ಮಾತ್ರ ಒಂದು ಸಣ್ಣ ಕೋನದಷ್ಟು ಒಳಕ್ಕೆ ನೋಡುತ್ತಿದ್ದರೆ ಏನಾಗುತ್ತದೆ? ಚಕ್ರ ತನ್ನ ದಿಕ್ಕಿನಲ್ಲಿ ಉರುಳಬಯಸುತ್ತದೆ. ಕಾರು ಅದನ್ನು ತನ್ನ ದಿಕ್ಕಿಗೆ ಎಳೆಯುತ್ತದೆ. ಎರಡರ ವ್ಯತ್ಯಾಸವನ್ನು ಟೈರು ಪಕ್ಕಕ್ಕೆ ಜಾರಿ ತುಂಬಿಕೊಡಬೇಕು. ಕಾರು ಸಾಗಿದ ದೂರವನ್ನು ಆ ಕೋನದ ಜ್ಯಾದಿಂದ (ಸೈನ್) ಗುಣಿಸಿದರೆ ಪಕ್ಕದ ಜಾರಿಕೆ ದೊರೆಯುತ್ತದೆ.

ಚಕ್ರದ ರಿಮ್ಮಿನ ವ್ಯಾಸ 360 ಮಿಲಿಮೀಟರು, ಮುಂದಿನ ಅಂಚುಗಳ ನಡುವಣ ಅಂತರ ಹಿಂದಿನದಕ್ಕಿಂತ 3 ಮಿಲಿಮೀಟರು ಕಡಮೆ ಎಂದಿಟ್ಟುಕೊಳ್ಳೋಣ. ಎರಡೂ ಚಕ್ರಗಳಿಗೆ ಸೇರಿ 3/360 ರೇಡಿಯನ್, ಎಂದರೆ ಒಂದೊಂದಕ್ಕೆ ಸುಮಾರು 0.24 ಡಿಗ್ರಿ. ಕಿಲೋಮೀಟರಿಗೆ ಜಾರಿಕೆ ಸುಮಾರು 4.2 ಮೀಟರು. ಅಲ್ಪವೆಂದು ತೋರಬಹುದು. ಆದರೆ 10,000 ಕಿಲೋಮೀಟರು ಓಡುವ ಹೊತ್ತಿಗೆ ಆ ಟೈರು ಅಡ್ಡಡ್ಡಲಾಗಿ 42 ಕಿಲೋಮೀಟರು ಉಜ್ಜಿಸಿಕೊಂಡಂತಾಯಿತು. ರವೀಂದ್ರನಗರದಿಂದ ಭದ್ರಾವತಿಗೆ ಹೋಗಿಬಂದಷ್ಟು ದೂರ!

ಲೆಕ್ಕ ಇಲ್ಲಿಗೆ ಮುಗಿಯಲಿಲ್ಲ. ಸಣ್ಣ ಕೋನಗಳಲ್ಲಿ, ಕೋನ ಹೆಚ್ಚಿದಷ್ಟೂ ಟೈರಿನ ಮೇಲೆ ಬೀಳುವ ಪಕ್ಕದ ಬಲವೂ ಅದೇ ಅನುಪಾತದಲ್ಲಿ ಹೆಚ್ಚುತ್ತದೆ. ಕಾರ್ಯವೆಂದರೆ ಬಲ ಮತ್ತು ದೂರಗಳ ಗುಣಲಬ್ಧ. ಬಲವೂ ಕೋನದ ಅನುಪಾತದಲ್ಲಿ, ಜಾರಿಕೆಯೂ ಕೋನದ ಅನುಪಾತದಲ್ಲಿ ಬೆಳೆದರೆ, ವ್ಯಯವಾಗುವ ಶಕ್ತಿ ಕೋನದ ವರ್ಗದಂತೆ ಬೆಳೆಯಬೇಕು. ಸಣ್ಣ ಕಾರಿನ ಟೈರಿನಲ್ಲಿ ಒಂದು ಡಿಗ್ರಿಗೆ 800 ನ್ಯೂಟನ್ ಬಲ ಹುಟ್ಟುವುದೆಂದು ಹಿಡಿದರೆ, 0.1 ಡಿಗ್ರಿಯಲ್ಲಿ ಕಿಲೋಮೀಟರಿಗೆ ಸುಮಾರು 140 ಜೂಲ್, 0.24 ಡಿಗ್ರಿಯಲ್ಲಿ ಸುಮಾರು 800 ಜೂಲ್. ಕೋನ ಎರಡೂವರೆ ಪಟ್ಟಿಗೂ ಕಡಮೆ ಬೆಳೆಯಿತು. ಉಜ್ಜಿಕೆ ಹೆಚ್ಚುಕಡಮೆ ಆರು ಪಟ್ಟಾಯಿತು.

ಈ ಶಕ್ತಿ ಪೆಟ್ರೋಲಿನ ಲೆಕ್ಕದಲ್ಲಿ ಎದ್ದುಕಾಣುವುದಿಲ್ಲ. ಅದೇ ಟೈರು ಸುಮ್ಮನೆ ಉರುಳುವುದಕ್ಕೇ ಕಿಲೋಮೀಟರಿಗೆ ಸುಮಾರು 30,000 ಜೂಲ್ ಬೇಕು. ಆದರೆ ಉರುಳುವಿಕೆಯ ಶಕ್ತಿ ಬಹುಮಟ್ಟಿಗೆ ರಬ್ಬರಿನ ಒಡಲೊಳಗೆ ಶಾಖವಾಗಿ ಹರಡಿಹೋಗುತ್ತದೆ. ಅಡ್ಡ ಜಾರಿಕೆಯದಾದರೋ ಟೈರು ನೆಲವನ್ನು ಬಿಡುವ ಅಂಚಿನಲ್ಲಿ ಮೇಲ್ಮೈಯನ್ನು ತರಿಯುತ್ತದೆ. ಆದುದರಿಂದಲೇ ಮೈಲೇಜು ನೋಡಿಕೊಂಡು ನಿಶ್ಚಿಂತನಾಗಿರುವ ಚಾಲಕನಿಗೆ ಟೈರು ಸವೆದುದು ತಡವಾಗಿ ತಿಳಿಯುತ್ತದೆ.

ಕ್ಯಾಂಬರಿನ ಉಪಕಾರ, ಅಪಕಾರ

ಬುಡ ಕಿರಿದಾಗಿ ಬಾಯಿ ಅಗಲವಾಗಿರುವ ಲೋಟವೊಂದನ್ನು ಮೇಜಿನ ಮೇಲೆ ಮಲಗಿಸಿ ಉರುಳಿಸಿದರೆ ಅದು ನೇರವಾಗಿ ಹೋಗದೆ ಬುಡದ ಕಡೆಗೆ ಸುತ್ತುಹಾಕುತ್ತದೆ. ವಾಲಿದ ಚಕ್ರವೂ ಇಂಥ ಶಂಕುವಿನಂತೆಯೇ ವರ್ತಿಸುತ್ತದೆ: ವಾಲಿದ ಕಡೆಗೆ ಎಳೆಯುತ್ತದೆ. ನೆಲ ಮುಟ್ಟುವ ಅಗಲ 140 ಮಿಲಿಮೀಟರು, ತ್ರಿಜ್ಯ 280 ಮಿಲಿಮೀಟರು ಇರುವ ಟೈರು 1 ಡಿಗ್ರಿ ವಾಲಿದರೆ ಒಳ ಹೊರ ಅಂಚುಗಳ ತ್ರಿಜ್ಯದಲ್ಲಿ ಸುಮಾರು 2.4 ಮಿಲಿಮೀಟರು ವ್ಯತ್ಯಾಸ ಬರುತ್ತದೆ. ಒಂದು ಕಿಲೋಮೀಟರಿನಲ್ಲಿ ಎರಡು ಅಂಚುಗಳು ಸುಮಾರು 8.7 ಮೀಟರು ಹೆಚ್ಚುಕಡಮೆ ಉರುಳಬಯಸುತ್ತವೆ. ರಬ್ಬರು ಬಾಗಿ ಬಳುಕಿ ಇದರಲ್ಲಿ ಬಹುಪಾಲನ್ನು ನುಂಗಿಕೊಳ್ಳುತ್ತದೆ. ಉಳಿದುದು, ಅದರ ಜೊತೆಗೆ ವಾಲಿದ ಅಂಚಿನ ಮೇಲೆ ಬೀಳುವ ಹೆಚ್ಚಿನ ಭಾರ, ಆ ಅಂಚನ್ನು ಸವೆಸುತ್ತವೆ. ಒಂದು ಡಿಗ್ರಿ ಕ್ಯಾಂಬರಿನಿಂದ ಹುಟ್ಟುವ ಪಕ್ಕದ ಬಲ ಒಂದು ಡಿಗ್ರಿ ಟೋವಿನಿಂದ ಹುಟ್ಟುವುದರ ಐದರಲ್ಲೊಂದು ಅಥವಾ ಹತ್ತರಲ್ಲೊಂದು ಪಾಲು ಮಾತ್ರ. ಎಂದರೆ ಡಿಗ್ರಿಗೆ ಡಿಗ್ರಿ ಹೋಲಿಸಿದರೆ ಟೈರಿಗೆ ಕ್ಯಾಂಬರು ಟೋವಿಗಿಂತ ಎಷ್ಟೋ ಸೌಮ್ಯ.

ಉಪಕಾರವಾದರೂ ಏನು? ಕಾರು ತಿರುವಿನಲ್ಲಿ ಹೊರಕ್ಕೆ ವಾಲುತ್ತದೆ. ಭಾರವೆಲ್ಲ ಹೊರಗಿನ ಚಕ್ರಗಳ ಮೇಲೆ ಬೀಳುತ್ತದೆ. ಅದೇ ವೇಳೆಗೆ ಆ ಚಕ್ರಗಳ ತಲೆಯೂ ಹೊರಕ್ಕೆ ಬಾಗುತ್ತದೆ. ನೆಲವನ್ನು ಪೂರ್ಣವಾಗಿ ತಬ್ಬಬೇಕಾದ ಗಳಿಗೆಯಲ್ಲಿ ಟೈರು ಹೊರ ಅಂಚಿನ ಮೇಲೆ ನಿಲ್ಲುತ್ತದೆ. ಮೊದಲೇ ಸ್ವಲ್ಪ ಒಳಕ್ಕೆ ವಾಲಿಸಿಟ್ಟಿದ್ದರೆ ತಿರುವಿನಲ್ಲಿ ಅದು ನೆಟ್ಟಗಾಗುತ್ತದೆ. ಕ್ಯಾಸ್ಟರು ಇಲ್ಲಿ ಕೈಗೂಡಿಸುತ್ತದೆ. 5 ಡಿಗ್ರಿ ಕ್ಯಾಸ್ಟರಿರುವ ಚಕ್ರವನ್ನು 20 ಡಿಗ್ರಿ ತಿರುಗಿಸಿದರೆ ಹೊರಚಕ್ರ ಸುಮಾರು 1.7 ಡಿಗ್ರಿ ತಾನಾಗಿ ಒಳಕ್ಕೆ ವಾಲುತ್ತದೆ. ನೇರ ದಾರಿಯಲ್ಲಿ ಇದರಿಂದ ಟೈರಿಗೆ ಯಾವ ಹಾನಿಯೂ ಇಲ್ಲ. ಕ್ಯಾಸ್ಟರು ಹೆಚ್ಚಾದರೆ ಸ್ಟೀರಿಂಗು ಭಾರವಾಗುತ್ತದೆ, ಅಷ್ಟೆ.

ಆಯ್ಕೆ ಹೇಗೆ?

ಕಾರು ತಯಾರಿಸಿದವರು ಪ್ರತಿಯೊಂದು ಕೋನಕ್ಕೂ ಒಂದು ಬೆಲೆಯನ್ನೂ, ಅದರ ಆಚೆ ಈಚೆ ಒಂದಿಷ್ಟು ಅವಕಾಶವನ್ನೂ ಕೊಟ್ಟಿರುತ್ತಾರೆ. ಆಯ್ಕೆಯೆಲ್ಲ ಆ ಅವಕಾಶದ ಒಳಗೇ ನಡೆಯತಕ್ಕದ್ದು.

ಭದ್ರಾವತಿಯ ದಾರಿಯ ಕಾರಿಗೆ ಟೋ ಆದಷ್ಟು ಶೂನ್ಯಕ್ಕೆ ಹತ್ತಿರ, ಕ್ಯಾಂಬರು ಶೂನ್ಯದಿಂದ ಋಣ ಅರ್ಧ ಡಿಗ್ರಿಯೊಳಗೆ ಇರುವುದು ಮೇಲು. ಘಟ್ಟದ ಕಾರಿಗೆ, ಅವಕಾಶವಿದ್ದರೆ, ಕ್ಯಾಂಬರನ್ನು ಋಣ 1 ಡಿಗ್ರಿಯ ಕಡೆಗೆ ಸರಿಸಬಹುದು. ಟೋವನ್ನು ಮಾತ್ರ ಇಲ್ಲಿಯೂ ಶೂನ್ಯದ ಬಳಿಯಲ್ಲಿಯೇ ಇಡಬೇಕು. ಮುಂದಿನ ಚಕ್ರಗಳಿಗೆ ಟೋ-ಔಟ್ ಕೊಟ್ಟರೆ ಕಾರು ತಿರುವಿಗೆ ಚುರುಕಾಗಿ ಓಗೊಡುವುದೆಂದು ಪಂದ್ಯದ ಕಾರುಗಳವರು ಹಾಗೆ ಮಾಡುವುದುಂಟು. ಆದರೆ ನೇರ ದಾರಿಯಲ್ಲಿ ಅಂಥ ಕಾರು ಅತ್ತಿತ್ತ ಅಲೆಯುತ್ತದೆ, ಟೈರಿನ ಒಳ ಅಂಚೂ ಬೇಗ ಹೋಗುತ್ತದೆ. ಘಟ್ಟದ ಚಾಲಕನು ಹಿಡಿತವನ್ನು ಕ್ಯಾಂಬರಿನಿಂದ ಕೊಳ್ಳುವುದು ಅಗ್ಗ. ಟೋವಿನಿಂದ ಕೊಳ್ಳುವುದು ದುಬಾರಿ.

ಅನೇಕ ಸಣ್ಣ ಕಾರುಗಳಲ್ಲಿ ತಿರುಪಿನಿಂದ ಬದಲಿಸಬಹುದಾದುದು ಟೋ ಒಂದೇ. ಉಳಿದೆರಡು ಕೋನಗಳು ರಚನೆಯಲ್ಲಿಯೇ ನಿಶ್ಚಿತವಾಗಿರುತ್ತವೆ. ಅಂಥಲ್ಲಿ ಎಡ ಬಲಗಳ ಸಮತೆಯನ್ನು ನೋಡಬೇಕು. ಒಂದು ಕಡೆಯ ಕ್ಯಾಂಬರು ಇನ್ನೊಂದಕ್ಕಿಂತ ಅರ್ಧ ಡಿಗ್ರಿಗೂ ಮೀರಿ ಬೇರೆಯಾಗಿದ್ದರೆ ‘ಗಾಡಿ ಎಳೆಯುತ್ತದೆ’. ಗುಂಡಿಯಲ್ಲಿ ಬಿದ್ದು ಬಾಗಿದ ಭಾಗವೊಂದು ಒಳಗಿರಬಹುದು. ಅದನ್ನು ಟೋ ತಿರುಪಿನಿಂದ ಮರೆಮಾಡಬಾರದು. ಕೆಲಸದ ಕ್ರಮವೂ ಮುಖ್ಯ: ಮೊದಲು ಟೈರಿನ ಗಾಳಿ, ಆಮೇಲೆ ಸಡಿಲವಾದ ಕೀಲುಗಳು, ಆಮೇಲೆ ಕ್ಯಾಸ್ಟರು, ಕ್ಯಾಂಬರು, ಕಡೆಯಲ್ಲಿ ಟೋ. ಕ್ಯಾಂಬರನ್ನು ಬದಲಿಸಿದರೆ ಟೋ ಬದಲಾಗುವುದೇ ಇದಕ್ಕೆ ಕಾರಣ.

ಟೈರಿನ ಸಾಕ್ಷ್ಯ

ಚಾಲಕರು ‘ಬಟನ್’ ಎಂದು ಕರೆಯುವ ಟೈರಿನ ಉಬ್ಬುಗಳು ಬಹಳ ಸತ್ಯವಂತ ಸಾಕ್ಷಿಗಳು. ಅವುಗಳ ಮೇಲೆ ಅಂಗೈಯನ್ನು ಅಡ್ಡಲಾಗಿ ಆಡಿಸಿದಾಗ ಒಂದು ದಿಕ್ಕಿನಲ್ಲಿ ನುಣುಪಾಗಿಯೂ ಮರುದಿಕ್ಕಿನಲ್ಲಿ ಗರಗಸದಂತೆಯೂ ಇದ್ದರೆ ಟೋ ತಪ್ಪಿದೆ. ಒಂದು ಅಂಚು ಮಾತ್ರ ನುಣ್ಣಗೆ ಸವೆದಿದ್ದರೆ ಕ್ಯಾಂಬರನ್ನು ಸಂದೇಹಿಸಬೇಕು. ಎರಡೂ ಅಂಚುಗಳು ಸವೆದಿದ್ದರೆ ಗಾಳಿ ಕಡಮೆ. ನಡು ಸವೆದಿದ್ದರೆ ಗಾಳಿ ಹೆಚ್ಚು. ಒಳ ಅಂಚು ನಿಂತ ಕಾರಿನಲ್ಲಿ ಕಣ್ಣಿಗೆ ಬೀಳುವುದಿಲ್ಲ. ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ನೋಡಬೇಕು. ಗೀರುಗಳ ಆಳ 1.6 ಮಿಲಿಮೀಟರಿಗೆ ಇಳಿದಾಗ ಅವುಗಳ ತಳದಲ್ಲಿರುವ ಸಣ್ಣ ದಿಣ್ಣೆಗಳು ಮೇಲ್ಮೈಗೆ ಸಮನಾಗುತ್ತವೆ. ಅದು ಟೈರಿನ ಕೊನೆಯ ಎಚ್ಚರಿಕೆ.

ಟೋವನ್ನು ಮನೆಯಲ್ಲಿಯೇ ಅಂದಾಜು ಮಾಡಬಹುದು. ಹಿರಿಯರೊಬ್ಬರ ನೆರವಿನಿಂದ, ಸಮತಟ್ಟಾದ ನೆಲದಲ್ಲಿ, ಎಂಜಿನ್ ನಿಲ್ಲಿಸಿ, ಸ್ಟೀರಿಂಗ್ ನೇರವಾಗಿರುವಾಗ, ಎರಡು ಮುಂಚಕ್ರಗಳ ಹಿಂಭಾಗದಲ್ಲಿ ಒಂದೇ ಎತ್ತರಕ್ಕೆ ಟೈರಿನ ನಡುವೆ ಸೀಮೆಸುಣ್ಣದ ಗುರುತು ಹಾಕಿ, ಗುರುತುಗಳ ಅಂತರವನ್ನು ಅಳೆಯಿರಿ. ಆ ಗುರುತುಗಳು ಮುಂಭಾಗದಲ್ಲಿ ಅದೇ ಎತ್ತರಕ್ಕೆ ಬರುವವರೆಗೆ ಕಾರನ್ನು ಮುಂದಕ್ಕೆ ತಳ್ಳಿ, ಮತ್ತೆ ಅಳೆಯಿರಿ. ಎರಡು ಅಳತೆಗಳ ವ್ಯತ್ಯಾಸವೇ ಟೋ. ಅದೇ ಗುರುತುಗಳನ್ನು ಎರಡು ಸಲವೂ ಬಳಸುವುದರಿಂದ ಟೈರಿನ ಸೊಟ್ಟವು ಲೆಕ್ಕದಲ್ಲಿ ಸೇರುವುದಿಲ್ಲ. ಲೇಸರು, ಕ್ಯಾಮರಾಗಳಿರುವ ಇಂದಿನ ಯಂತ್ರಗಳು ಇದಕ್ಕಿಂತ ಸೂಕ್ಷ್ಮವಾಗಿ ಅಳೆಯುತ್ತವೆ; ಅಳೆಯುವ ವಸ್ತು ಮಾತ್ರ ಅದೇ.

ಇಷ್ಟೆಲ್ಲ ಮಾಡಿದರೂ ಒಂದು ಲೆಕ್ಕವನ್ನು ಯಾವ ಗ್ಯಾರೇಜೂ ತಿದ್ದಲಾರದು. 15 ಮೀಟರು ತ್ರಿಜ್ಯದ ತಿರುವಿನಲ್ಲಿ 1000 ಕಿಲೋಗ್ರಾಮಿನ ಕಾರು ಗಂಟೆಗೆ 20 ಕಿಲೋಮೀಟರು ವೇಗದಲ್ಲಿ ತಿರುಗಲು ಟೈರುಗಳು ಸುಮಾರು 2060 ನ್ಯೂಟನ್ ಕೇಂದ್ರಾಭಿಮುಖ ಬಲ ಒದಗಿಸಬೇಕು. 30 ಕಿಲೋಮೀಟರು ವೇಗದಲ್ಲಾದರೆ 4630 ನ್ಯೂಟನ್. ವೇಗ ಒಂದೂವರೆ ಪಟ್ಟಾದರೆ ಬಲ ಎರಡೂಕಾಲು ಪಟ್ಟು. ಚಕ್ರವನ್ನು ಒಂದು ಡಿಗ್ರಿ ವಾಲಿಸಿ ಗಳಿಸುವ ಹಿಡಿತ ಇದರ ಮುಂದೆ ಎಷ್ಟರದು? ಮಳೆಯಲ್ಲಿ ಆಗುಂಬೆಯನ್ನು ಇಳಿಯುವವನು ಚಕ್ರಗಳ ಕೋನವನ್ನು ಶಿವಮೊಗ್ಗೆಯಲ್ಲಿಯೇ ಸರಿಮಾಡಿಸಿಕೊಂಡು ಹೊರಡಲಿ. ವೇಗದ ಆಯ್ಕೆಯನ್ನು ಹದಿನಾಲ್ಕು ತಿರುವುಗಳಲ್ಲಿಯೂ ಅವನೇ ಮಾಡಬೇಕು.